ಹಣೆಗಪ್ಪು

ಕೋತಾಗೆಡೆ
14 ಜೂನ್ 1987

ಪಲುಪಿಗೆ,

ನಿನ್ನ ಅಮ್ಮ ಇನ್ನೂ ಗಟ್ಟಿಯಾಗಿಯೇ ಇದ್ದಾಳೆ. ಹಬ್ಬಕ್ಕೆ ನೀನು ಕಳಿಸಿದ ಬತಿಕ್ ಬಟ್ಟೆ ಬಂತು. ಅದು ಹುಡುಗಿಯರು ಉಡುವ ಬಣ್ಣ, ನನಗ್ಯಾಕೆ ಕಳಿಸಿದೆಯೋ ತಿಳಿಯಲಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮಗು ಗಲಿಹ್‌ಗೆ ಹಲ್ಲು ಬಂತು ಅಂತ ಬರೆದಿದ್ದೀಯ. ಒಳ್ಳೆಯದು.

ಹೋದ ಭಾನುವಾರ ಬೆಳ್ಳಿ ಕೆಲಸದ ಜುಮಕಿರ್ ಮಗಳು ತಿತಿಸ್‌ಳ ಮದುವೆಯಾಯಿತು. ಮದುಮಗಳ ಸಿಂಗಾರ ನನ್ನದೇ. ಮೂರು ದಿನ ಮೊದಲಿನಿಂದ ಬಿಳಿ ಅನ್ನ ಮತ್ತು ನೀರು ಬಿಟ್ಟು ಬೇರೇನೂ ತಿನ್ನಲಿಲ್ಲ, ಉಪ್ಪನ್ನೂ ಮುಟ್ಟಲಿಲ್ಲ. ಮದುಮಗಳ ಹಣೆ ಮುಟ್ಟುವ ಕೈ ಶುದ್ಧವಾಗಿರಬೇಕು ಅಂತ ನನ್ನಮ್ಮ ನಡೆಸಿಕೊಂಡು ಬಂದದ್ದನ್ನು ನಾನು ಬಿಟ್ಟವಳಲ್ಲ. ಈಗಿನವರು ಬೆಳಿಗ್ಗೆ ಕರಿದ ಸೋಯಾ ಟೆಂಪೆ ತಿಂದು ಕೈ ಒರೆಸಿಕೊಂಡು ಕೆಲಸಕ್ಕೆ ಕೂರುತ್ತಾರೆ. ಮೊನ್ನೆ ಮೊನ್ನೆ ಸಿಂಗಾರದ ಕೆಲಸಕ್ಕೆ ಇಳಿದ ಆ ಕಮ್ಸಿನಾಹ್ ಅದೇ ಜಾತಿ.

ಹಣೆಯ ಅಂಚಿನ ನವಿರು ಕೂದಲನ್ನು ಬೋಳಿಸುವಾಗಲೇ ನನಗೆ ಅನುಮಾನ ಬಂದಿತ್ತು. ಇಷ್ಟು ವರ್ಷ ಹುಡುಗಿಯರ ಚರ್ಮವನ್ನೇ ಓದಿದವಳು ನಾನು. ಉಗುರು ನೋಡಿ ಊಟ ಹೇಳುತ್ತೇನೆ, ಕೂದಲ ಬುಡದ ಜಿಡ್ಡು ನೋಡಿ ನಿದ್ದೆ ಹೇಳುತ್ತೇನೆ, ಬೆವರಿನ ವಾಸನೆಯಲ್ಲೇ ಭಯ ಹೇಳುತ್ತೇನೆ. ತಿತಿಸ್ ವಿಪರೀತ ಬೆವರುತ್ತಿದ್ದಳು. ಕಪ್ಪು ಮೇಣ ಕಾಯಿಸಿ, ಎಂದಿನಂತೆ ಎಡಗೈ ಕಿರುಬೆರಳಿಗೆ ಹಚ್ಚಿ ಬಿಸಿ ನೋಡಿ, ಹಣೆಗಪ್ಪಿನ ಎಸಳು ಬರೆಯಲು ಕಡ್ಡಿ ಇಟ್ಟೆ. “ಅಯ್ಯೋ, ಉರಿ!” ಅಂತ ಚೀರಿದಳು. ಕಣ್ಣಲ್ಲಿ ನೀರು. ಏನೂ ಮಾಡದವಳು ಯಾಕೆ ಅಳಬೇಕು ಹೇಳು?

ಜನರೆಲ್ಲ ಸೇರಿ ಗಂಡು ಹೆಣ್ಣು ಎದುರಾಗುವ ಶಾಸ್ತ್ರದ ಹೊತ್ತಿಗೆ ಹಣೆಗಪ್ಪಿನ ನಡುವಿನ ಎಸಳು ಕರಗಿ ಮೂಗಿನವರೆಗೆ ಇಳಿದಿತ್ತು. ಹುಡುಗನ ತಾಯಿ ಬು ಮಂಗುನ್ ನನ್ನನ್ನು ಕಂಬದ ಹಿಂದಕ್ಕೆ ಎಳೆದಳು.

“ಏನ್ ಬು ರುಬಿ, ಸೊಸೆ ಹಣೆ ಮೇಲೆ ಮಸಿ ಇಳೀತಿದೆಯಲ್ಲ! ಇದಕ್ಕೇನರ್ಥ?”

“ಸೆಕೆ ಅಮ್ಮಾ, ಸೆಕೆ,” ಅಂದೆ.

“ಸೆಕೆ ನಂಗೂ ಆಗ್ತಿದೆ. ನನ್ನ ಮುಖ ಕರಗ್ತಿಲ್ವಲ್ಲ!”

ಅಜ್ಜಿಯ ಮಾತು ನಿನಗೂ ಗೊತ್ತು: ಗಂಡಸು ಮುಟ್ಟಿದ ಹಣೆಯ ಮೇಲೆ ಕಪ್ಪು ನಿಲ್ಲುವುದಿಲ್ಲ. ನಿಕಾಹ್ ಏನೋ ಆಗಿಹೋಗಿದೆ. ಆದರೆ ಬು ಮಂಗುನ್ ಮಗನನ್ನು ಅವತ್ತೇ ಮನೆಗೆ ಕರೆದುಕೊಂಡು ಹೋದಳು, ಹುಡುಗಿ ತವರಿನಲ್ಲೇ ಉಳಿದಿದ್ದಾಳೆ. ಬೆಸಾರ್ ತಿಂಗಳಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಊಟ ಇಡಬೇಕೋ, ತಲಾಕ್ ಕೊಡಿಸಬೇಕೋ ಅನ್ನುವುದನ್ನು ನನ್ನ ಮಾತಿನ ಮೇಲೆ ಬಿಟ್ಟಿದ್ದಾಳೆ. ನಾನಿನ್ನೂ ಬಾಯಿ ಬಿಟ್ಟಿಲ್ಲ. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಈ ವರ್ಷ ಕಪ್ಪು ಕರಗಿದ್ದು ಇವಳೊಬ್ಬಳದೇ ಅಲ್ಲ. ಕಾಲ ಕೆಟ್ಟಿದೆ, ಅಷ್ಟೇ.

ಮದುವೆ ಮನೆಯಲ್ಲಿ ನನಗೆ ತಣ್ಣಗಿನ ಚಹಾ ಕೊಟ್ಟರು. ಲೋಟ ಹಿಡಿದು ನೋಡಿ, ಕುಡಿಯದೆ ಹಾಗೇ ಇಟ್ಟೆ. ಅದನ್ನೂ ನೆನಪಿಟ್ಟುಕೊಂಡಿದ್ದೇನೆ.

ನಿನ್ನ ಅಮ್ಮ,
ರುಬಿಯಾತಿ


ಸುರಬಾಯ
27 ಜೂನ್ 1987

ಅಮ್ಮಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ದಯವಿಟ್ಟು ಬು ಮಂಗುನ್‌ಗೆ ಏನೂ ಹೇಳಬೇಡ. ತಿತಿಸ್ ನನಗಿಂತ ಚಿಕ್ಕವಳು, ನಮ್ಮ ಬಾವಿಕಟ್ಟೆಯ ಮೇಲೆ ಕೂತು ನನ್ನ ಕೈಯಿಂದ ಹೇನು ತೆಗೆಸಿಕೊಂಡವಳು. ನಿನ್ನ ಒಂದು ಮಾತಿಗೆ ಅವಳ ಬದುಕು ಬೀದಿಗೆ ಬರುತ್ತದೆ. ಆಮೇಲೆ ಕೋತಾಗೆಡೆಯಲ್ಲಿ ಅವಳನ್ನು ಯಾರು ಮದುವೆಯಾಗುತ್ತಾರೆ?

ಬೆವರುವುದು ತಪ್ಪೇನಮ್ಮ? ಗಾಳಿಯಾಡದ ಕೋಣೆ, ಬಿಗಿದ ಮುಡಿ, ಸುತ್ತ ಮೂವತ್ತು ಹೆಂಗಸರು. ನನ್ನ ಮದುವೆಯ ದಿನ ನಾನೂ ಬೆವರಿದ್ದೆ.

ಆ ದಿನದ ಬಗ್ಗೆ ಮುಂದೆ ಬರೆಯುವುದಿಲ್ಲ. ನೀನೂ ಇವತ್ತಿನವರೆಗೆ ಏನೂ ಹೇಳಿಲ್ಲ.

ಒಂದು ಕೇಳಬೇಕಿತ್ತು. ಚಹಾ ತಣ್ಣಗಿತ್ತು ಅಂತ ಬರೆದಿದ್ದೀಯ. ಜುಮಕಿರ್ ಮನೆಯವರು ನಿನಗೆ ತಣ್ಣಗಿನ ಚಹಾ ಕೊಡುವ ಜನವಲ್ಲ. ನಿನ್ನ ಪಕ್ಕ ಕೂತವರು ಏನು ಮಾಡಿದರು? ಗಟಗಟ ಕುಡಿದರೋ, ಊದಿ ಊದಿ ಕುಡಿದರೋ?

ಗಲಿಹ್ ಈಗ ನಿಲ್ಲಲು ನೋಡುತ್ತಾನೆ. ನೀನಿನ್ನೂ ಅವನ ಮುಖ ನೋಡಿಲ್ಲ. ನಿನ್ನ ಅಳಿಯ ಮರ್ಗೊನೊ ಬಂದರಿನ ಗೋದಾಮಿನಲ್ಲಿ ಎರಡು ಪಾಳಿ ದುಡಿಯುತ್ತಿದ್ದಾರೆ, ನಿನಗೆ ನಮಸ್ಕಾರ ಹೇಳಿದ್ದಾರೆ.

ಪಲುಪಿ


ಕೋತಾಗೆಡೆ
8 ಜುಲೈ 1987

ಪಲುಪಿಗೆ,

ಚಹಾದ ವಿಚಾರಣೆ ನಿನಗ್ಯಾಕೆ? ಪಕ್ಕದಲ್ಲಿ ಕೂತ ಮುದುಕಿಯರು ಊದಿಕೊಂಡೇ ಕುಡಿದರು. ಮುದುಕಿಯರು ತಣ್ಣೀರನ್ನೂ ಊದುತ್ತಾರೆ.

ನನ್ನ ಸುತ್ತ ಏನೋ ನಡೆಯುತ್ತಿದೆ. ನಿನಗಲ್ಲದೆ ಇನ್ಯಾರಿಗೆ ಬರೆಯಲಿ? ಹೋದ ವಾರ ಸಂತೆಯಿಂದ ಮನೆಗೆ ಬಂದು ನೋಡುತ್ತೇನೆ, ಎಡಗಾಲಿನಲ್ಲಿ ಚಪ್ಪಲಿ ಇಲ್ಲ. ಕಾಲಿನಿಂದ ಚಪ್ಪಲಿ ಕದ್ದಿದ್ದಾರೆ! ಅದೂ ಒಂದೇ ಒಂದು! ಪೋನಿಯೆಮ್ ಜೊತೆಗಿದ್ದಳು. ಕೇಳಿದರೆ ಹಲ್ಲು ಕಿರಿಯುತ್ತಾಳೆ.

“ನಂಗೇನ್ ಗೊತ್ತು ಬು, ನಿಮ್ ಕಾಲು, ನಿಮ್ ಚಪ್ಲಿ.”

“ನೀನು ಹಿಂದೆ ಬರ್ತಿದ್ದೆ ತಾನೆ? ಕಾಣ್ಲಿಲ್ವಾ?”

“ತಲೆ ಮೇಲೆ ತೆಂಗಿನಕಾಯಿ ಬುಟ್ಟಿ ಇತ್ತು. ಆಕಾಶ ಕಾಣ್ತಿತ್ತು, ನಿಮ್ ಕಾಲು ಕಾಣ್ತಿರ್ಲಿಲ್ಲ.”

ಇಪ್ಪತ್ತು ವರ್ಷದಿಂದ ನನ್ನ ಮನೆಯ ಅನ್ನ ತಿಂದವಳು. ಕಮ್ಸಿನಾಹ್ ಅವಳನ್ನು ಕೊಂಡುಕೊಂಡಿದ್ದಾಳೆ ಅಂತ ನನ್ನ ಅನುಮಾನ. ಮಾಟ ಮಾಡಿಸುವವರಿಗೆ ತೊಟ್ಟ ಚಪ್ಪಲಿ, ಉಗುರು, ಕೂದಲು ಬೇಕೇ ಬೇಕು. ಈಗ ಕತ್ತರಿಸಿದ ಉಗುರನ್ನು ನಾನೇ ಹೂಳುತ್ತೇನೆ. ಆದರೂ ಮಾಟ ಹತ್ತಿಕೊಂಡಿದೆ. ಬೆಳಿಗ್ಗೆ ಎದ್ದರೆ ಅಂಗೈಯಲ್ಲಿ ಬೊಬ್ಬೆ. ಯಾವ ಬಿಸಿಯನ್ನೂ ಮುಟ್ಟಿಲ್ಲ, ನೋವೂ ಇಲ್ಲ. ಬೊಬ್ಬೆ ಮಾತ್ರ ನಿಂಬೆಹಣ್ಣಿನ ಗಾತ್ರ. ಹುಬ್ಬಿನ ಕೂದಲು ಹೊರತುದಿಯಿಂದ ಉದುರುತ್ತಿದೆ, ಕಡ್ಡಿಯಿಂದ ಬರೆದುಕೊಳ್ಳುತ್ತೇನೆ. ಊರಿನ ಹೆಂಗಸರಿಗೆಲ್ಲ ಹುಬ್ಬು ತಿದ್ದುವವಳಿಗೆ ಸ್ವಂತ ಹುಬ್ಬಿಲ್ಲ. ಇದು ಕಮ್ಸಿನಾಹ್ ಕೆಲಸವಲ್ಲದೆ ಮತ್ತೇನು?

ಆದರೆ ದೇವರು ಒಂದು ಕಡೆ ಕಿತ್ತುಕೊಂಡರೆ ಇನ್ನೊಂದು ಕಡೆ ಕೊಡುತ್ತಾನೆ. ಇಷ್ಟು ವರ್ಷದ ಉಪವಾಸ ಈಗ ಫಲ ಕೊಡುತ್ತಿದೆ ಅಂತ ಕಾಣುತ್ತದೆ. ನನ್ನ ಕೈ ಈಗ ಬೆವರುವುದಿಲ್ಲ. ಮಧ್ಯಾಹ್ನದ ಸೆಕೆಯಲ್ಲಿಯೂ ಅಂಗೈ ಒಣಗಿದ ತಾಳೆಗರಿಯ ಹಾಗಿರುತ್ತದೆ. ಬಿಸಿಯೂ ತಾಕುವುದಿಲ್ಲ. ಒಲೆಯ ಮೇಲಿನ ಮೇಣದ ಬಟ್ಟಲನ್ನು ಬರಿಗೈಯಲ್ಲಿ ಇಳಿಸುತ್ತೇನೆ. ಪೋನಿಯೆಮ್ ನೋಡಿ ಎದೆ ಹಿಡಿದುಕೊಳ್ಳುತ್ತಾಳೆ. ನನ್ನ ಅಜ್ಜಿಗೂ ಕೊನೆಗಾಲದಲ್ಲಿ ಇಂಥ ಶಕ್ತಿ ಬಂದಿತ್ತು ಅಂತ ಅಮ್ಮ ಹೇಳುತ್ತಿದ್ದಳು. ಶುದ್ಧಿಯಿದ್ದವರನ್ನು ಬೆಂಕಿಯೂ ಸುಡುವುದಿಲ್ಲ.

ಬು ಮಂಗುನ್ ಮತ್ತೆ ಬಂದಿದ್ದಳು. “ನೀವು ಹ್ಞೂಂ ಅಂದ್ರೆ ಪೆಂಡಾಲ್ ಹಾಕಿಸ್ತೀನಿ, ಊಹ್ಞೂಂ ಅಂದ್ರೆ ಹುಡುಗಂಗೆ ಬೇರೆ ಕಡೆ ನೋಡ್ತೀನಿ. ಎಳೀಬೇಡಿ,” ಅಂದಳು. ಬೆಸಾರ್ ತಿಂಗಳು ಹುಟ್ಟಿದ ಮೇಲೆ ಹೇಳುತ್ತೇನೆ ಅಂದಿದ್ದೇನೆ. ಕಣ್ಣಾರೆ ಕಂಡದ್ದನ್ನು ಹೇಳಬೇಕಲ್ಲವೆ? ಸುಳ್ಳು ಹೇಳಿ ನಲವತ್ತು ವರ್ಷದ ಹೆಸರು ಕೆಡಿಸಿಕೊಳ್ಳಲೆ?

ನಿನ್ನ ಮದುವೆಯ ಮಾತು ನೀನೇ ತೆಗೆದೆ. ನಾನು ತೆಗೆದಿಲ್ಲ.

ಅಮ್ಮ


ಸುರಬಾಯ
18 ಜುಲೈ 1987

ಅಮ್ಮಾ,

ಇದನ್ನು ಒಬ್ಬಳೇ ಇದ್ದಾಗ ಓದು. ಓದುವಾಗ ಸಿಟ್ಟು ಬಂದರೂ ಕೊನೆಯವರೆಗೆ ಓದು.

ನಮ್ಮ ಗಲ್ಲಿಯಲ್ಲಿ ಮೀನು ಕರಿಯುವ ದಾರ್ಸಿನ್ ಅಂತ ಒಬ್ಬರಿದ್ದಾರೆ. ಹೋದ ವರ್ಷ ಅವರ ಚಪ್ಪಲಿ ದಾರಿಯಲ್ಲಿ ಬಿದ್ದುಹೋಗುತ್ತಿತ್ತು. ಹಿಂದಿನಿಂದ ಯಾರಾದರೂ ಎತ್ತಿ ತಂದುಕೊಡುವವರೆಗೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹುಡುಗರು “ಚಪ್ಲಿ ಬಿತ್ತಲೋ!” ಅಂತ ಸುಮ್ಮನೆ ಕೂಗಿ ಅವರನ್ನು ತಿರುಗಿಸಿ ನಗುತ್ತಿದ್ದರು. ಎಣ್ಣೆ ಸಿಡಿದರೂ ಅವರು ಕೈ ಹಿಂದಕ್ಕೆ ಎಳೆಯುತ್ತಿರಲಿಲ್ಲ. ನಾವೆಲ್ಲ ಅಭ್ಯಾಸ ಅಂದುಕೊಂಡಿದ್ದೆವು. ಕೊನೆಗೆ ಆರೋಗ್ಯ ಕೇಂದ್ರದವರು ಹೇಳಿದರು, ಅದು ಕುಷ್ಠ.

ಅಮ್ಮಾ, ನಿನ್ನ ಚಪ್ಪಲಿಯನ್ನು ಯಾರೂ ಕದ್ದಿಲ್ಲ. ಅದು ಜಾರಿದೆ, ಜಾರಿದ್ದು ನಿನ್ನ ಕಾಲಿಗೆ ಗೊತ್ತಾಗಲಿಲ್ಲ.

ನಿನ್ನೆ ಕೇಂದ್ರಕ್ಕೆ ಹೋಗಿ, ಹೆಸರು ಹೇಳದೆ, ನೀನು ಬರೆದದ್ದನ್ನೆಲ್ಲ ಕೇಳಿದೆ. ಅಲ್ಲಿನ ನರ್ಸಮ್ಮ ತನ್ನ ಮುಂಗೈಯನ್ನೇ ತೋರಿಸಿ ವಿವರಿಸಿದರು. ಚರ್ಮ ಅಂದರೆ ಬರೀ ಮೇಲಿನ ಹೊದಿಕೆಯಲ್ಲವಂತೆ. ಅದರ ಕೆಳಗೆ ರೋಮದ ಬುಡವಿದೆ, ಬೆವರಿನ ಗ್ರಂಥಿಯಿದೆ, ಬಿಸಿ ತಂಪು ಹೇಳುವ ನರದ ಎಳೆಯಿದೆ. ಈ ರೋಗಾಣು ಮೈಯಲ್ಲಿ ತಂಪಾಗಿರುವ ಜಾಗ ಹುಡುಕುತ್ತದಂತೆ. ಹುಬ್ಬು, ಕಿವಿ, ಕೈಬೆರಳು, ಪಾದ. ನರ ಕೆಟ್ಟರೆ ಬಿಸಿ ತಿಳಿಯುವುದಿಲ್ಲ, ಬೆವರೂ ಬರುವುದಿಲ್ಲ. ಹುಬ್ಬು ಉದುರುವುದೂ ಇದರದೇ ಲಕ್ಷಣ. ನೋವಿಲ್ಲದ ಬೊಬ್ಬೆ ಅಂದಾಗ ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ಬೇಗ ಕರ್ಕೊಂಡ್ ಬನ್ನಿ, ಬೆರಳು ಉಳಿಸ್ಕೋಬಹುದು,” ಅಂದರು. ಮಾತ್ರೆ ಪುಕ್ಕಟೆ, ವಾಸಿಯಾಗುತ್ತದೆ.

ನನ್ನ ಮಾತು ನಂಬಬೇಡ. ನಿನ್ನ ಚಹಾದ ಲೋಟವನ್ನು ಪೋನಿಯೆಮ್ ಕೈಗೆ ಕೊಟ್ಟು ನೋಡು. ಅವಳು ಎಷ್ಟು ಹೊತ್ತು ಹಿಡಿಯುತ್ತಾಳೆ ನೋಡು.

ಇನ್ನೊಂದು ಮಾತು. ನೀನು ಮೇಣದ ಬಿಸಿ ನೋಡುವುದು ಎಡಗೈ ಕಿರುಬೆರಳಿನಲ್ಲಿ. ಆ ಬೆರಳಿಗೆ ಬಿಸಿ ತಿಳಿಯದಿದ್ದರೆ ಮೇಣ ಕುದಿಯುತ್ತಿದ್ದರೂ ನಿನಗೆ ಹದವಾಗಿಯೇ ಇರುತ್ತದೆ. ಕುದಿಯುವ ಮೇಣ ಹಣೆಯ ಮೇಲೆ ನಿಲ್ಲುತ್ತದೆಯೆ? ತಿತಿಸ್ ಉರಿ ಅಂದದ್ದು ಉರಿದದ್ದಕ್ಕೆ.

ನನಗೂ ಉರಿದಿತ್ತು ಅಮ್ಮಾ, ಒಂದೂವರೆ ವರ್ಷದ ಹಿಂದೆ, ನನ್ನ ಮದುವೆಯ ದಿನ. ಎಲ್ಲರೆದುರು ಚೀರಬಾರದು ಅಂತ ತುಟಿ ಕಚ್ಚಿಕೊಂಡೆ. ನನ್ನ ಕಪ್ಪು ಹುಬ್ಬಿನವರೆಗೆ ಇಳಿದಾಗ ನೀನು ಒರೆಸಿದೆ. ಆಮೇಲೆ ನನ್ನ ಮುಖ ನೋಡಲಿಲ್ಲ. ಬಸ್ಸು ಹೊರಟಾಗಲೂ ನೋಡಲಿಲ್ಲ. ಮರ್ಗೊನೊ ಬಂದರಿನ ಕೂಲಿಯವನ ಮಗ, ಅದಕ್ಕೇ ಇರಬೇಕು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ನಿನ್ನ ಜೂನ್ ಕಾಗದ ಓದಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗುತ್ತಿಲ್ಲ. ನನ್ನ ಹಣೆಯ ಅಂಚಿನಲ್ಲಿ ಕಾಳಿನಷ್ಟು ಜಾಗದಲ್ಲಿ ಇವತ್ತಿಗೂ ಕೂದಲು ಹುಟ್ಟುವುದಿಲ್ಲ, ಸುಟ್ಟ ಚರ್ಮ ಅದು. ಮರ್ಗೊನೊ ಕೇಳಿದಾಗ ಚಿಕ್ಕಂದಿನದು ಅಂದೆ.

ತಿತಿಸ್ ಹಣೆಯಲ್ಲೂ ಆ ಗುರುತು ಇರಬೇಕು. ಹೋಗಿ ನೋಡು.

ಪಲುಪಿ


ಕೋತಾಗೆಡೆ
25 ಜುಲೈ 1987

ಪಲುಪಿಗೆ,

ಓದಿದೆ, ಕೊನೆಯವರೆಗೂ ಓದಿದೆ. ಹೆತ್ತ ತಾಯಿಗೆ ಕುಷ್ಠ ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?

ಇದು ನಿನ್ನ ಮಾತಲ್ಲ. ಇದರ ಹಿಂದೆ ನಿನ್ನ ಗಂಡ ಇದ್ದಾನೆ. ಮುದುಕಿಯನ್ನು ರೋಗಿಗಳ ಕಾಲೊನಿಗೆ ಸೇರಿಸಿದರೆ ಕೋತಾಗೆಡೆಯ ಮನೆ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಿದ್ದಾನೆ. ಅಥವಾ ಕಮ್ಸಿನಾಹ್ ನಿನಗೂ ಕಾಗದ ಬರೆದಿದ್ದಾಳೋ ಏನೋ. ನಮ್ಮ ವಂಶದಲ್ಲಿ ಆ ರೋಗ ಯಾರಿಗೂ ಇರಲಿಲ್ಲ. ನಿನ್ನ ಕಪ್ಪು ಕರಗಿದ್ದಕ್ಕೆ ಈಗ ನನ್ನ ಬೆರಳನ್ನು ದೂರುತ್ತಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾಳಿದ್ದು ಬೆಸಾರ್ ತಿಂಗಳು ಹುಟ್ಟುತ್ತದೆ. ಬು ಮಂಗುನ್‌ಗೆ ಏನು ಹೇಳಬೇಕು ಅಂತ ನನಗೆ ಗೊತ್ತು. ಇನ್ನು ಕಾಗದ ಬರೆಯಬೇಡ.

ರುಬಿಯಾತಿ


ಸುರಬಾಯ
2 ಆಗಸ್ಟ್ 1987

ಅಮ್ಮಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ.

ಮರ್ಗೊನೊಗೆ ನಿನ್ನ ಮನೆ ಬೇಡ. ನಿಜ ಹೇಳಬೇಕೆಂದರೆ ಅವರಿಗೆ ನಿನ್ನ ಕಾಗದವೂ ಬೇಡ. ದಾರ್ಸಿನ್ ವಿಷಯ ಅವರಿಗೂ ಗೊತ್ತು, ತಾವೇ ಊಹಿಸಿಕೊಂಡರು. “ಅತ್ತೆ ಕಾಗ್ದ ಮುಟ್ಟಿದ್ಮೇಲೆ ಕೈ ತೊಳ್ಕೊಂಡು ಮಗು ಎತ್ಕೋ,” ಅಂದರು. ಮಾತು ಬೆಳೆಯಿತು. ಎರಡು ದಿನದಿಂದ ನಾವು ಮಾತಾಡುತ್ತಿಲ್ಲ. ನೀನು ಅವರ ಮೇಲೆ ಅನುಮಾನ ಪಡುತ್ತೀಯ, ಅವರು ನಿನ್ನ ಮೇಲೆ ಪಡುತ್ತಾರೆ. ನಡುವೆ ನಿಂತು ನಾನು ಕಾಗದ ಬರೆಯುತ್ತೇನೆ.

ಬು ಮಂಗುನ್ ಮನೆಗೆ ಹೋಗುವ ಮೊದಲು ಲೋಟವನ್ನು ಪೋನಿಯೆಮ್ ಕೈಗೆ ಕೊಡು. ಮತ್ತೇನೂ ಕೇಳುವುದಿಲ್ಲ.

ಪಲುಪಿ


ಕೋತಾಗೆಡೆ
14 ಆಗಸ್ಟ್ 1987

ಪಲುಪಿ, ಮಗಳೇ,

ಇದನ್ನು ಪೋನಿಯೆಮ್‌ಳ ಅಣ್ಣನ ಮಗಳು ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಕೈಗೆ ಬಟ್ಟೆ ಸುತ್ತಿದ್ದಾರೆ.

ನಿನ್ನ ಮಾತು ಸುಳ್ಳು ಅಂತ ತೋರಿಸಲೆಂದೇ ಲೋಟ ಕೊಟ್ಟೆ. ನಾನು ಆಗಲೇ ಅರ್ಧ ಕುಡಿದು, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಚಹಾ. ನಾಲಿಗೆ ಸುಟ್ಟಿತ್ತು. ನಾಲಿಗೆಯದೇ ಏನೋ ದೋಷ ಅಂದುಕೊಂಡಿದ್ದೆ ನೋಡು! ಪೋನಿಯೆಮ್ ಮುಟ್ಟಿದವಳೇ “ಅಮ್ಮಮ್ಮಾ!” ಅಂತ ಲೋಟ ಬಿಟ್ಟಳು. ಚಹಾ ನನ್ನ ಪಾದದ ಮೇಲೆ ಚೆಲ್ಲಿತು. ನಾನು ಸುಮ್ಮನೆ ನಿಂತಿದ್ದೆ. ಅವಳು ನನ್ನ ಪಾದ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. “ಬು, ಉರೀತಿಲ್ವಾ?” ಅಂತ ಮೆಲ್ಲಗೆ ಕೇಳಿದಳು. ಚಪ್ಪಲಿ ಕದ್ದಳು ಅಂತ ಬೈಸಿಕೊಂಡವಳು ನೆಲದ ಮೇಲೆ ಕೂತು ನನ್ನ ಪಾದಕ್ಕೆ ತಣ್ಣೀರು ಹಾಕಿದಳು. ನನಗೆ ಆ ನೀರೂ ತಿಳಿಯಲಿಲ್ಲ.

ಮರುದಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಪಕ್ಕದೂರಿನ ಆರೋಗ್ಯ ಕೇಂದ್ರಕ್ಕೆ ಹೋದೆ. ಕಾಂಪೌಂಡರ್ ಹುಡುಗನ ಹಾಗಿದ್ದ. ಅವನ ಮೇಲೂ ನನಗೆ ನಂಬಿಕೆ ಇರಲಿಲ್ಲ. “ಕಣ್ಮುಚ್ಕೊಳಿ. ಹತ್ತಿ ತಾಗ್ಸಿದ ಕಡೆ ಬೆರಳಿಟ್ಟು ತೋರ್ಸಿ,” ಅಂದ. ಮುಚ್ಚಿಕೊಂಡು ಕಾದೆ. ಬಹಳ ಹೊತ್ತಾಯಿತು. ಬೇಜಾರಾಗಿ, “ಶುರು ಮಾಡಪ್ಪ, ನಂಗೆ ಬೇರೆ ಕೆಲ್ಸ ಇದೆ,” ಅಂದೆ. ಕಣ್ಣು ತೆರೆದು ನೋಡಿದರೆ ಹತ್ತಿಯ ಎಳೆ ನನ್ನ ಕಿರುಬೆರಳಿನ ಮೇಲೆಯೇ ಇತ್ತು.

ಆಗ ಅತ್ತುಬಿಟ್ಟೆ. ನಿನ್ನ ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅಲ್ಲಿಂದ ವಾಪಸ್ ಬರುವ ದಾರಿಯಲ್ಲಿ ಜುಮಕಿರ್ ಮನೆಗೆ ಹೋದೆ. ತಿತಿಸ್ ಹಿತ್ತಿಲಲ್ಲಿ ಬೆಳ್ಳಿ ಬಟ್ಟಲು ಉಜ್ಜುತ್ತಿದ್ದಳು, ಎದ್ದು ನಿಲ್ಲಲಿಲ್ಲ. “ಇನ್ನೇನ್ ನೋಡೋಕೆ ಬಂದ್ರಿ?” ಅಂದಳು. ಹಣೆಯ ಕೂದಲು ಸರಿಸುವಂತೆ ಅವಳ ಅಮ್ಮನಿಗೆ ಹೇಳಿ ನೋಡಿದೆ, ನಾನು ಮುಟ್ಟಲಿಲ್ಲ. ಬೋಳಿಸಿದ ನವಿರು ಎಲ್ಲ ಕಡೆ ಮತ್ತೆ ಚಿಗುರಿತ್ತು. ನಡುವೆ ಒಂದು ಕಡೆ ಮಾತ್ರ ಕಂದು ಗುರುತು, ನುಣ್ಣಗೆ. ಮುಚ್ಚಿಕೊಳ್ಳಲು ಪೌಡರ್ ಹಚ್ಚಿಕೊಂಡಿದ್ದಳು.

ಅಲ್ಲಿಂದ ಬು ಮಂಗುನ್ ಮನೆಗೆ ಹೋದೆ. ಮೇಣ ಕಲಬೆರಕೆ ಅಂತ ಹೇಳಿ ಬಂದುಬಿಡೋಣ ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ಹಾಗೆ ಹೇಳಿದರೆ ಹುಡುಗಿಯೂ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ. ಹೇಳಿಯೂ ನೋಡಿದೆ. ಅವಳು ನಕ್ಕಳು.

“ಅದೇ ಅಂಗಡಿ ಮೇಣ ನನ್ನ ತಂಗಿ ಮಗಳಿಗೆ ನಿಂತಿತ್ತಲ್ಲ, ಕಮ್ಸಿನಾಹ್ ಹಚ್ಚಿದ್ದು! ಜುಮಕಿರ್ ಏನ್ ಕೊಟ್ಟ ಬು ರುಬಿ, ಬೆಳ್ಳಿ ಬಟ್ಲಾ?”

“ಬಟ್ಲೂ ಇಲ್ಲ, ಗಿಟ್ಲೂ ಇಲ್ಲ. ಮೇಣ ಕುದೀತಿತ್ತು. ನಂಗೆ ತಿಳೀಲಿಲ್ಲ.”

“ನಲ್ವತ್ ವರ್ಷದ ಕೈಗೆ ತಿಳೀಲಿಲ್ವಾ? ಯಾರಿಗೆ ಹೇಳ್ತೀರಿ ಈ ಕತೆ?”

ಅವಳ ಸೊಸೆಯಂದಿರೆಲ್ಲ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಂದೆ ಆಗತಾನೆ ಬಗ್ಗಿಸಿದ ಚಹಾ ಇತ್ತು. ಕಿರುಬೆರಳನ್ನು ಅದರೊಳಗೆ ಅದ್ದಿ ಹಾಗೇ ಇಟ್ಟುಕೊಂಡು ಕೂತೆ. ಬು ಮಂಗುನ್ ಮುಖದ ಬಣ್ಣ ಹೋಯಿತು. “ತೆಗೀರಿ, ತೆಗೀರಿ!” ಅಂತ ಕೂಗಿಕೊಂಡಳು. ಆಮೇಲೆ ಸೆರಗಿನಿಂದ ಎರಡೂ ಹುಬ್ಬು ಒರೆಸಿ ತೋರಿಸಿದೆ. “ಕುಷ್ಠ. ಇವತ್ತು ಬೆಳಿಗ್ಗೆ ಹೇಳಿದ್ರು. ಹುಡುಗಿ ಹಣೆ ಮೇಲೆ ಬರೀ ನನ್ನ ತಪ್ಪು ಇದೆ, ಇನ್ನೇನೂ ಇಲ್ಲ,” ಅಂದೆ.

ಅವಳು ಕುರ್ಚಿ ಹಿಂದಕ್ಕೆ ಎಳೆದುಕೊಂಡಳು. ನಾನು ಅಂಗಳ ದಾಟುವ ಮೊದಲೇ ಲೋಟ ಒಡೆದ ಸದ್ದು ಕೇಳಿಸಿತು. ಅದರಲ್ಲಿ ತಪ್ಪಿಲ್ಲ, ನಾನಾಗಿದ್ದರೂ ಒಡೆಯುತ್ತಿದ್ದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬೆಸಾರ್ ತಿಂಗಳ ಮದುವೆಗಳಿಗೆ ನನ್ನನ್ನು ಕರೆದಿದ್ದವರೆಲ್ಲ ಬೇರೆಯವರನ್ನು ನೋಡಿಕೊಂಡರು.

ಉಪವಾಸದ ಶಕ್ತಿ ಅಂತ ಮೆರೆದೆನಲ್ಲ! ನೆಲ ಡೊಂಕು ಅಂದವಳು ನಾನೇ ಮಗಳೇ. ಕೊನೆಯ ಮಾತು ಈ ಹುಡುಗಿಯ ಕೈಯಿಂದ ಬರೆಸಲಾರೆ. ಬಟ್ಟೆ ಬಿಚ್ಚಿದ ಮೇಲೆ ನಾನೇ ಬರೆಯುತ್ತೇನೆ.

ಅಮ್ಮ


ಸುರಬಾಯ
21 ಆಗಸ್ಟ್ 1987

ಅಮ್ಮಾ,

ಬೆರಳನ್ನು ಚಹಾದಲ್ಲಿ ಅದ್ದುವುದು ಬೇಕಿತ್ತಾ? ಓದಿ ನನ್ನ ಬೆರಳೇ ಉರಿಯಿತು. ಇನ್ನು ಮೇಲೆ ಏನು ಮುಟ್ಟಿದರೂ ಮೊದಲು ಕಣ್ಣಿನಿಂದ ನೋಡು, ಆಮೇಲೆ ಮುಟ್ಟು.

ನನ್ನನ್ನೂ ಮಗುವನ್ನೂ ಕೇಂದ್ರದಲ್ಲಿ ಪರೀಕ್ಷೆ ಮಾಡಿದರು, ಏನೂ ಇಲ್ಲ. ಮರ್ಗೊನೊ ಬಾಗಿಲಲ್ಲಿ ನಿಂತು ನರ್ಸಮ್ಮನನ್ನು ನೂರು ಪ್ರಶ್ನೆ ಕೇಳಿದರು. ಮಾತ್ರೆ ಶುರುವಾದ ಮೇಲೆ ಅಂಟುವುದಿಲ್ಲ ಅಂತ ಅವರು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೆ ನಿನ್ನೆ ನಿನ್ನ ಕಾಗದವನ್ನು ಅವರೇ ಎತ್ತಿಕೊಂಡು ಓದಿದರು, ಕೈ ತೊಳೆಯಲಿಲ್ಲ.

ತಿತಿಸ್ ಏನಾದಳು? ಅದನ್ನು ಬರೆಯದೆ ನಿಲ್ಲಿಸಿಬಿಟ್ಟೆ.

ಪಲುಪಿ


ಕೋತಾಗೆಡೆ
3 ಸೆಪ್ಟೆಂಬರ್ 1987

ಪಲುಪಿ,

ಅಕ್ಷರ ಸೊಟ್ಟಗಿವೆ, ಆದರೆ ನನ್ನವೇ.

ಬೆಸಾರ್ ಮುಗಿಯುವ ಮೊದಲು ಬು ಮಂಗುನ್ ಮನೆಯಲ್ಲಿ ಊಟ ಇಟ್ಟರು. ತಿತಿಸ್‌ಳ ಹಣೆಗಪ್ಪನ್ನು ಬರೆದದ್ದು ಕಮ್ಸಿನಾಹ್. ನನ್ನನ್ನು ಯಾರೂ ಕರೆದಿರಲಿಲ್ಲ. ಬೇಲಿಯ ಹೊರಗೆ ನಿಂತು ನೋಡಿದೆ. ಹಣೆಗಪ್ಪು ಕಲ್ಲಿನ ಮೇಲೆ ಕೆತ್ತಿದ ಹಾಗೆ ನಿಂತಿತ್ತು, ಊಟ ಮುಗಿಯುವವರೆಗೂ ಅಲುಗಲಿಲ್ಲ. ಹುಡುಗಿ ಗುರುತೇ ಸಿಗದಷ್ಟು ಚೆಂದ ಕಾಣುತ್ತಿದ್ದಳು. ಎಡಗಡೆಯ ಎಸಳು ಒಂದು ಕೂದಲೆಳೆ ದಪ್ಪವಾಯಿತು. ಕಮ್ಸಿನಾಹ್ ಕೈಯಲ್ಲವೆ, ಅಷ್ಟಿರಲೇಬೇಕು.

ಅವಳು ನನ್ನನ್ನು ನೋಡಿ ಬೇಲಿಯ ಹತ್ತಿರ ಬಂದಳು. ಆಡಿಕೊಳ್ಳಲು ಬಂದಳು ಅಂದುಕೊಂಡೆ. “ಮೇಣಕ್ಕೆ ಸೋರೆ ಎಣ್ಣೆ ಎಷ್ಟು ಹಾಕ್ತಿದ್ರಿ ಅಕ್ಕಾ? ನಂದು ಬೇಗ ಬಿರುಕು ಬಿಡುತ್ತೆ,” ಅಂದಳು. ಸೋರೆಗೆ ಎಣ್ಣೆ ಎಲ್ಲಿಂದ ಬರಬೇಕು, ಕೊಬ್ಬರಿ ಎಣ್ಣೆ ಕಣೇ ಅಂತ ಬೈದು ಹೇಳಿಕೊಟ್ಟೆ. ಬೇಕೆಂದೇ ತಪ್ಪು ಕೇಳಿ ನನ್ನ ಬಾಯಿ ಬಿಡಿಸಿದಳೋ ಏನೋ, ಆ ಅನುಮಾನ ಇನ್ನೂ ಇದೆ.

ಈಗ ಸುರೊ ತಿಂಗಳು, ಯಾರ ಮನೆಯಲ್ಲೂ ಮದುವೆಯಿಲ್ಲ. ನಾನು ಯಾಕೆ ಮನೆಯಲ್ಲಿದ್ದೇನೆ ಅಂತ ಯಾರೂ ಕೇಳಬೇಕಾಗಿಲ್ಲ. ಮಾತ್ರೆ ತಿಂದ ದಿನ ಮೂತ್ರ ಕೆಂಪಗೆ ಹೋಯಿತು. ವಿಷ ಹಾಕಿದರು ಅಂತ ಕಾಂಪೌಂಡರ್ ಜೊತೆ ಜಗಳಕ್ಕೆ ಹೋದೆ. “ಕೆಂಪು ಬಂದ್ರೆ ಮಾತ್ರೆ ನುಂಗಿದೀರಿ ಅಂತರ್ಥ. ಬರ್ಲಿಲ್ಲ ಅಂದ್ರೆ ನಾನು ನಿಮ್ಮನ್ನ ಅನುಮಾನಿಸ್ಬೇಕು,” ಅಂದ. ಚರ್ಮವೂ ಕಪ್ಪಗಾಗುತ್ತದಂತೆ, ಮಾತ್ರೆ ಮುಗಿದ ಮೇಲೆ ತಿಳಿಯಾಗುತ್ತದಂತೆ. ಬೆರಳಿಗೆ ತಿಳಿವು ಮರಳುವುದು ಕಷ್ಟ ಅಂದ. ಇದ್ದದ್ದನ್ನು ಉಳಿಸಿಕೊಳ್ಳಿ ಅಂದ.

ಈಗ ಉಳಿದ ಮಾತು. ನಿನ್ನ ಹಣೆಗಪ್ಪು ಇಳಿದ ದಿನದಿಂದ ನಾನು ನಿನ್ನನ್ನು ಅನುಮಾನಿಸಿದೆ. ಮಗು ಹುಟ್ಟಿತು ಅಂತ ತಂತಿ ಬಂದಾಗ ಬೆರಳು ಮಡಿಸಿ ತಿಂಗಳು ಎಣಿಸಿದೆ. ಎಣಿಕೆ ಸರಿಯಾಗಿಯೇ ಇತ್ತು, ಆದರೂ ಬರಲಿಲ್ಲ. ನನ್ನ ಮಗಳಿಗಿಂತ ನನ್ನ ಕಿರುಬೆರಳನ್ನು ಹೆಚ್ಚು ನಂಬಿದೆ. ಇದಕ್ಕೆ ಕ್ಷಮೆ ಕೇಳುವ ಬಾಯಿ ನನಗಿಲ್ಲ. ನೀನು ಉರಿ ತಡೆದುಕೊಂಡು ತುಟಿ ಕಚ್ಚಿದೆ ಅಂತ ಬರೆದೆಯಲ್ಲ, ಅದನ್ನು ಓದಿದಾಗ ಆದ ನೋವು ಯಾವ ಚರ್ಮದ್ದೂ ಅಲ್ಲ.

ಬಾ. ಮಗುವನ್ನು ಕರೆತರುವುದು ಬಿಡುವುದು ಮರ್ಗೊನೊ ಇಷ್ಟ. ಅವನು ಅನುಮಾನಪಟ್ಟರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಆ ಕೆಲಸದಲ್ಲಿ ನನಗಿಂತ ದೊಡ್ಡವರು ಯಾರಿದ್ದಾರೆ? ನೀನು ಕಳಿಸಿದ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟು ನೋಡಿದೆ. ಪೋನಿಯೆಮ್ ನಗುತ್ತಾಳೆ, ನಗಲಿ.

ನಿನ್ನ ಹಣೆಯ ಆ ಕಾಳಿನಷ್ಟು ಜಾಗವನ್ನು ನಾನೊಮ್ಮೆ ಮುಟ್ಟಬೇಕು. ಬೆರಳಿಗೆ ಅದು ತಿಳಿಯುವುದಿಲ್ಲ. ನನ್ನ ಕೆನ್ನೆ ಇನ್ನೂ ಚೆನ್ನಾಗಿದೆ. ದಿನಾ ಬೆಳಿಗ್ಗೆ ಚಹಾದ ಲೋಟವನ್ನು ಕೆನ್ನೆಯ ಹತ್ತಿರ ತಂದು ನೋಡುತ್ತೇನೆ, ಮುಟ್ಟುವ ಮೊದಲೇ ಬಿಸಿ ತಿಳಿಯುತ್ತದೆ. ನೀನು ಬಂದಾಗ ನಿನ್ನ ಹಣೆಗೆ ಕೆನ್ನೆ ಇಡುತ್ತೇನೆ.

ಯಾವ ರೈಲು ಅಂತ ಬರೆ. ಚಪ್ಪಲಿಗೆ ಹಿಂದಿನಿಂದ ಪಟ್ಟಿ ಹೊಲಿಸಿಕೊಂಡಿದ್ದೇನೆ, ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಅಮ್ಮ